ಹಗುರ ಡಬ್ಬಿ

ಆ ಕಂಪ್ಯೂಟರಿನ ಪವರ್ ಡಬ್ಬಿ ಬದಲಾಯಿಸಿದವನು ನಾನು. ಶೈಲಕ್ಕ ಆರಿಸಿ ಕೂರಿಸಿದ್ದ ಡಬ್ಬಿ ಒಳ್ಳೆಯದಿತ್ತು. ಅದನ್ನು ಬಿಚ್ಚಿ, ಹಾವೇರಿಗೆ ಒಯ್ದು ಕೊಟ್ಟು, ಬದಲಿಗೆ ಒಂದು ಅಗ್ಗದ ಡಬ್ಬಿ ತಂದು ಹಾಕಿದೆ. ಅದು ಸುಟ್ಟಿತು. ಅಜ್ಜಿ ಸಾಯುವ ಹಾಗಾದಳು. ಆಮೇಲೆ ದೊಡ್ಡಪ್ಪ ಕೇಳಿದಾಗ ಅದು ಅಕ್ಕನದೇ ಆಯ್ಕೆ ಎಂದು ಹೇಳಿದವನೂ ನಾನೇ.

ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ಹಾಕಿದೆಯೇ ಎಂದು ಎರಡು ಸಲ ಎದ್ದು ನೋಡಿ ಬಂದೆ. ನಾನು ಹುಟ್ಟು ಅಂಜುಬುರುಕ. ಹಲ್ಲಿ ಲೊಚಗುಟ್ಟಿದರೆ ಕಾಲು ಮೇಲೆತ್ತಿ ಕೂರುವವನು. ಆದರೆ ಊರಲ್ಲಿ ನನಗಿರುವ ಹೆಸರು ಬೇರೆ — ಮದುವೆಮನೆಯಲ್ಲಿ ಊಟದ ಪಂಕ್ತಿ ಎದ್ದ ಮೇಲೆ ಹಿರಿಯರು ಎಲೆ ಅಡಿಕೆ ಹಾಕಿಕೊಳ್ಳುತ್ತ, ‘ಬಸ್ಯಾ, ಒಂದು ಹೇಳಲೇ’ ಎಂದು ಎಳೆದು ಕೂರಿಸುವುದು ನನ್ನನ್ನು. ನನ್ನ ಪೆದ್ದತನಗಳನ್ನು ನಾನೇ ಹತ್ತು ಪಟ್ಟು ಹಿಗ್ಗಿಸಿ ಹೇಳುತ್ತೇನೆ, ಜನ ಹೊಟ್ಟೆ ಹಿಡಿದು ನಗುತ್ತಾರೆ. ನನ್ನನ್ನು ಬಲ್ಲವರು ಇದನ್ನೂ ಹಾಗೆಯೇ ಓದಲು ಹೊರಟಿರುತ್ತಾರೆ. ನಗುವ ಜಾಗ ಇದರಲ್ಲೂ ಇದೆ. ಆದರೆ —

ಇರಲಿ. ಮೊದಲಿನಿಂದ ಹೇಳುತ್ತೇನೆ.

ನಮ್ಮದು ಬ್ಯಾಡಗಿ. ಅಪ್ಪನದು ಮೆಣಸಿನಕಾಯಿ ದಲಾಲಿ. ಸುಗ್ಗಿಯಲ್ಲಿ ನಮ್ಮ ಮನೆಯ ಪಡಸಾಲೆ ತುಂಬ ಕಾಯಿ ಹರಡಿರುತ್ತದೆ. ಓಣಿಯ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಬೀಗರು ಬಂದರೆ ಹೊಸಿಲಲ್ಲೇ ಸೀನು ಶುರುವಾಗುತ್ತದೆ. ನಮಗೆ ಮೂಗೇ ಸತ್ತುಹೋಗಿದೆ.

ಶೈಲಕ್ಕ ಅವ್ವನ ಅಕ್ಕನ ಮಗಳು, ನನಗಿಂತ ದೊಡ್ಡವಳು. ದೊಡ್ಡಪ್ಪನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಅಕ್ಕ ಡಿಪ್ಲೊಮಾ ಮುಗಿಸಿ ಅಂಗಡಿಯಲ್ಲೇ ಕೂರುತ್ತಿದ್ದಳು. ಅವಳ ಕೈಗುಣ ಚೆನ್ನ ಎಂದು ರೈತರಲ್ಲಿ ಒಂದು ನಂಬಿಕೆ ಬೆಳೆದಿತ್ತು. ಬೆಳಗಿನ ಬೋಣಿ ಅವಳದೇ — ಅಂಗಡಿ ತೆರೆದ ಮೇಲೆ ಮೊದಲ ಪೊಟ್ಟಣ ಅವಳ ಕೈಯಿಂದಲೇ ಹೋಗಬೇಕು. ಅವಳು ಒಳಗಿದ್ದರೆ ಕೆಲವರು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ದೊಡ್ಡಪ್ಪನಿಗೆ ಅದೊಂದು ಹೆಮ್ಮೆ.

ಆದರೆ ಅಕ್ಕನ ಮನಸ್ಸು ಬೀಜದಲ್ಲಿರಲಿಲ್ಲ. ಅಂಗಡಿಯ ಬಾಗಿಲ ಪಕ್ಕದ ಮೂಲೆಯಲ್ಲಿ ಒಂದು ಮೇಜು ಹಾಕಿ, ಕೇಳಿದವರಿಗೆ ಕಂಪ್ಯೂಟರ್ ಜೋಡಿಸಿ ಕೊಡಬೇಕು ಎಂಬುದು ಅವಳ ಆಸೆ. ದೊಡ್ಡಪ್ಪ ಬಹಳ ದಿನ ಜಗ್ಗಾಡಿ ಕೊನೆಗೆ ಒಂದು ಮಾತು ಕೊಟ್ಟ: ಮೊದಲು ಒಂದು ಮಾಡಿ ತೋರಿಸು, ಅದು ಯುಗಾದಿಯವರೆಗೆ ಯಾರ ದೂರೂ ಇಲ್ಲದೆ ನಡೆಯಲಿ, ಮೂಲೆ ನಿನ್ನದು.

ಆ ಒಂದು ಕಂಪ್ಯೂಟರ್ ನನ್ನದು. ಆಗತಾನೇ ಕಾಲೇಜು ಸೇರಿದ್ದೆ. ‘ಅಭ್ಯಾಸಕ್ಕೆ’ ಎಂದು ಅಪ್ಪನಿಗೆ ಹೇಳಿದ್ದೆ, ಬೇಕಾಗಿದ್ದದ್ದು ಆಟಕ್ಕೆ. ಅಪ್ಪ ಕೊಟ್ಟ ರೊಕ್ಕ ಅಭ್ಯಾಸಕ್ಕೆ ಸಾಕಾಗುವಷ್ಟು, ಆಟಕ್ಕೆ ಸಾಲದಷ್ಟು.

ದೀಪಾವಳಿ ಮುಗಿದ ವಾರ ಅಕ್ಕನ ಮುಂದೆ ಹೋಗಿ ಕೂತೆ. ವಿಡಿಯೋಗಳಲ್ಲಿ ನೋಡಿದ್ದನ್ನೆಲ್ಲ ಕೇಳಿದೆ — ಗಾಜಿನ ಪೆಟ್ಟಿಗೆ, ಬಣ್ಣ ಬದಲಿಸುವ ಫ್ಯಾನು, ಗಣಪತಿ ಮಂಟಪದಂತೆ ಮಿನುಗುವ ಕೀಬೋರ್ಡು. ಅಕ್ಕ ಎಲ್ಲ ಕೇಳಿಸಿಕೊಂಡಳು, ಒಂದೊಂದಾಗಿ ಕಿತ್ತು ಹಾಕಿದಳು. ಗ್ರಾಫಿಕ್ಸ್ ಕಾರ್ಡ್ ಈಗ ಬೇಡ, ಗ್ರಾಫಿಕ್ಸ್ ತನ್ನೊಳಗೇ ಇರುವ ಪ್ರೊಸೆಸರ್ ತಗೊ, ಆಟ ಸಣ್ಣದಾಗಿಯಾದರೂ ನಡೆಯುತ್ತದೆ. ರ‍್ಯಾಮ್ ಒಂದರ ಬದಲು ಜೋಡಿ ಹಾಕೋಣ. ಮುಂದೆ ಕಾರ್ಡ್ ಕೂರಿಸಲು ಜಾಗ ಇರುವ ಬೋರ್ಡು ಇರಲಿ. ಪೆಟ್ಟಿಗೆ ಕರಿಯದು ಸಾಕು, ಆದರೆ ಮುಂದೆ ಸಣ್ಣ ಕಣ್ಣಿನ ಜಾಳಿಗೆ ಬೇಕೇ ಬೇಕು, ನಿಮ್ಮ ಮನೆಯ ಧೂಳು ಸಾಮಾನ್ಯದ್ದಲ್ಲ. ಹೀಗೆ ಎಲ್ಲದರಲ್ಲೂ ಉಳಿಸಿದಳು. ಉಳಿಸಿದ್ದನ್ನು ತಂದು ಸುರಿದದ್ದು ಒಂದೇ ಕಡೆ — ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ, ಗೋಡೆಯ ಕರೆಂಟನ್ನು ತಗ್ಗಿಸಿ ಒಳಗಿನ ಭಾಗಗಳಿಗೆ ಹಂಚುವ ಪವರ್ ಡಬ್ಬಿಗೆ.

ಅದು ನನ್ನ ತಲೆಗೆ ಹೋಗಲಿಲ್ಲ. ಕಣ್ಣಿಗೆ ಕಾಣದ ಮೂಲೆಯಲ್ಲಿ, ತಗಡಿನ ಮರೆಯಲ್ಲಿ ಕೂರುವ ಡಬ್ಬಿಗೆ ಅಷ್ಟು ಮರ್ಯಾದೆ ಯಾಕೆ ಎಂದು ಕೇಳಿದೆ.

“ನಮ್ಮ ಅಂಗಡ್ಯಾಗ ದಿನಾ ನೋಡ್ತೇನಿ,” ಅಂದಳು. “ಮಂದಿ ಪಾಕೀಟಿನ ಮ್ಯಾಲಿನ ಟೊಮೇಟೊ ಚಿತ್ರ ನೋಡಿ ಬೀಜ ಒಯ್ತಾರ. ನೀನೂ ಹಂಗ ಮಾಡಬ್ಯಾಡೋ ತಮ್ಮಾ. ನಿಮ್ಮ ಓಣ್ಯಾಗ ಕರೆಂಟ್ ಹೆಂಗ ಕುಣಿತೈತಿ ನಿನಗ ಗೊತ್ತಿಲ್ಲೇನು? ಅದನ್ನ ತಡ್ಯಾಕ ಇದು ಬೇಕು. ಹಿಡಿ, ಭಾರ ನೋಡು.”

ಕೈಗೆ ಕೊಟ್ಟಳು. ಖರೇ, ಭಾರವಿತ್ತು.

ಅಂಗಡಿಯ ಹಿಂದೆ, ಜೋಳದ ಬೀಜದ ಚೀಲಗಳ ನಡುವೆ, ಒಂದು ಮಧ್ಯಾಹ್ನವಿಡೀ ಕೂತು ಜೋಡಿಸಿದಳು. ಸ್ಕ್ರೂ ಒಂದೊಂದನ್ನೂ ತಿರುಗಿಸಿದ ಮೇಲೆ ಬೆರಳಿಂದ ಮುಟ್ಟಿ ನೋಡುತ್ತಿದ್ದಳು. ಪರದೆ ಬೆಳಗಿದಾಗ ಅವಳು ಕೂಗಲಿಲ್ಲ, ಏನೂ ಇಲ್ಲ. ಎದ್ದು ಹೋಗಿ ಬಾಗಿಲ ಪಕ್ಕದ ಆ ಖಾಲಿ ಮೂಲೆಯನ್ನು ಒಮ್ಮೆ ನೋಡಿ ಬಂದಳು. ಅಷ್ಟೇ. ಆ ನೋಟ ಈಗ ಬಹಳ ನೆನಪಾಗುತ್ತದೆ.

ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬ್ಯಾಡಗಿಗೆ ತಂದೆ. ಮನೆಯಲ್ಲಿ ಗಟ್ಟಿಯಾದ ಸ್ವಿಚ್ ಬೋರ್ಡು ಇದ್ದದ್ದು ಅಜ್ಜಿಯ ಕೋಣೆಯಲ್ಲಿ ಮಾತ್ರ. ಅವಳ ಮಂಚದ ಕಾಲ ಬಳಿ ಇಟ್ಟೆ. ಅದೂ ನೆನಪಿರಲಿ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಕೆಟ್ಟದ್ದು ಯಂತ್ರವಲ್ಲ, ನಾನು. ಗೆಳೆಯರು ಬಂದು ನೋಡಿ, ಇದೇನೋ ಅಂಚೆ ಕಚೇರಿಯ ಕಂಪ್ಯೂಟರ್ ಇದ್ದಂಗೈತಿ ಅಂದರು. ನಾಲ್ಕು ಜನರನ್ನು ನಗಿಸುವವನಿಗೆ ನಾಲ್ಕು ಜನ ತನ್ನನ್ನು ನೋಡಿ ನಕ್ಕರೆ ತಡೆಯಲಾಗುವುದಿಲ್ಲ. ಹಾವೇರಿಯಲ್ಲಿ ಹಳೆಯ ಸಾಮಾನು ಕೊಂಡು ಮಾರುವವನೊಬ್ಬನಿದ್ದ. ಹೊಸದರಂತಿರುವ ಒಳ್ಳೆಯ ಡಬ್ಬಿ ಕೊಟ್ಟರೆ, ಬೇರೆ ಡಬ್ಬಿಯ ಜೊತೆ ಬಣ್ಣದ ಫ್ಯಾನುಗಳನ್ನೂ ಕೊಡುವುದಾಗಿ ಹೇಳಿದ. ಅವನು ಮೋಸ ಮಾಡಲಿಲ್ಲ. ಇದು ಅಷ್ಟಕ್ಕಷ್ಟೇ, ನೋಡಿ ಒಯ್ಯಿ ಎಂದೂ ಹೇಳಿದ.

ಅವನ ಡಬ್ಬಿ ಹಿಡಿದು ನೋಡಿದೆ. ಖಾಲಿ ಬಿಸ್ಕೀಟ್ ಡಬ್ಬಿಯಷ್ಟು ಹಗುರ.

ಇಲ್ಲೊಂದು ನಗುವ ಜಾಗ. ಮೆಣಸಿನಕಾಯಿ ದಲಾಲಿಯ ಮಗನಿಗೆ ಹಗುರ ಅಂದರೆ ಒಳ್ಳೆಯದು. ಚೆನ್ನಾಗಿ ಒಣಗಿದ ಕಾಯಿಯ ಚೀಲ ಹಗುರ. ನೀರು ಹೊಡೆದು ತಂದ ಚೀಲ ಭಾರ. ಚೀಲ ಎತ್ತಿದ ಕೂಡಲೇ ಅಪ್ಪ ಭಾರ ಕಂಡರೆ ಹುಬ್ಬು ಗಂಟಿಕ್ಕುತ್ತಾನೆ. ಹಾಗಾಗಿ ನಾನು ನನಗೇ ಹೇಳಿಕೊಂಡೆ — ಹಗುರದ್ದೇ ಖರೇ ಮಾಲು, ಅಕ್ಕ ಆರಿಸಿದ್ದಕ್ಕೆ ಯಾರೋ ನೀರು ಹೊಡೆದಿರಬೇಕು. ಇದನ್ನು ಮದುವೆಮನೆಯಲ್ಲಿ ಹೇಳಿದರೆ ಚಪ್ಪರ ಹಾರಿಹೋಗುತ್ತದೆ. ಆದರೆ ಇದು ಖರೇ ಅಲ್ಲ. ಹಿಡಿದ ಕೂಡಲೇ ನನಗೆ ಗೊತ್ತಿತ್ತು. ಅಕ್ಕ ಭಾರ ನೋಡು ಅಂದದ್ದು ಕಿವಿಯಲ್ಲೇ ಇತ್ತು. ಗೊತ್ತಿದ್ದೇ ತಂದೆ.

ಬಿಚ್ಚಿ ಕೂರಿಸುವಾಗ ಎರಡು ಸ್ಕ್ರೂ ಉಳಿದವು. ಎಲ್ಲಿಯವೆಂದು ತಿಳಿಯದೆ ದೇವರ ಜಗಲಿಯ ಮೇಲಿಟ್ಟೆ. ಮುಂದಿನ ಜಾಳಿಗೆ ಇದ್ದರೆ ಫ್ಯಾನಿನ ಬಣ್ಣ ಕಾಣುವುದಿಲ್ಲವೆಂದು ಅದನ್ನೂ ಕಿತ್ತೆ. ಫ್ಯಾನುಗಳನ್ನು ಹಿಂದುಮುಂದಾಗಿ ಹಾಕಿದ್ದರಿಂದ ಮೊದಲ ದಿನ ಒಳಗಿನ ಧೂಳೆಲ್ಲ ಅಜ್ಜಿಯ ಮೋರೆಗೆ ಬೀಸಿತು. “ಏನೋ ಇದು, ಆಟ ಆಡ್ತೈತೋ ಒಗ್ಗರಣೆ ಹಾಕ್ತೈತೋ?” ಎಂದಳು ಅಜ್ಜಿ, ಸೀನುತ್ತ. ತಿರುಗಿಸಿ ಹಾಕಿದೆ. ಆಮೇಲೆ ಅವು ಪಡಸಾಲೆಯ ಖಾರದ ಪುಡಿಯನ್ನು ಒಳಗೆಳೆಯತೊಡಗಿದವು. ಕೆಂಪು, ನೀಲಿ, ಹಸಿರು. ಓಣಿಯ ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದು ನೋಡಿದರು.

ಅಂದಿನಿಂದ ನನ್ನ ಅಂಜಿಕೆ ಶುರು. ಅಕ್ಕ ಫೋನ್ ಮಾಡಿ ಹೆಂಗ ನಡೆದೈತಿ ಎಂದು ಕೇಳಿದರೆ, ಚಲೋ ಐತಕ್ಕ ಅಂದು ಮಾತು ಬದಲಿಸುತ್ತಿದ್ದೆ. ಬಂದು ನೋಡುತ್ತೇನೆ ಅಂದರೆ ನನಗೆ ಜ್ವರ, ಅಪ್ಪ ಊರಲ್ಲಿಲ್ಲ, ಮನೆಗೆ ಸುಣ್ಣ ಬಳಿಯುತ್ತಿದ್ದಾರೆ — ಸುಗ್ಗಿಯಲ್ಲಿ ಯಾರು ಸುಣ್ಣ ಬಳಿಯುತ್ತಾರೆ? ಅವಳು ನಂಬಿದಳು. ಕಂಪ್ಯೂಟರ್ ಗುಂಯ್ ಎಂದರೆ ಸಾಕು, ಬಗ್ಗಿ ಮೂಸಿ ನೋಡುತ್ತಿದ್ದೆ. ಯುಗಾದಿ ದಾಟಿದರೆ ಸಾಕು, ಅಕ್ಕನಿಗೆ ಮೂಲೆ ಸಿಗುತ್ತದೆ, ಆಮೇಲೆ ನಿಧಾನವಾಗಿ ಹೇಳೋಣ — ಹೀಗೆ.

ಶಿವರಾತ್ರಿ ಅಮಾವಾಸ್ಯೆಯ ಸಂಜೆ. ಮಕ್ಕಳ ಕಣ್ಣು ಬಹಳ ಬಿದ್ದಿದೆ ಎಂದು ಅವ್ವ ಕಂಪ್ಯೂಟರಿಗೆ ದೃಷ್ಟಿ ತೆಗೆದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು, ಅಜ್ಜಿಯ ಕೋಣೆಗೆ ಹೋಗಿ ಬಣ್ಣದ ಫ್ಯಾನು ತಿರುಗುತ್ತಿದ್ದ ಅದರ ಸುತ್ತ ನಿವಾಳಿಸಿ, ತಂದು ಪಡಸಾಲೆಯ ಬಾಗಿಲಲ್ಲಿ ಕೆಂಡಕ್ಕೆ ಹಾಕಿದಳು. ದೃಷ್ಟಿ ಇದ್ದರೆ ಘಾಟು ಬರುವುದಿಲ್ಲ, ಇಲ್ಲದಿದ್ದರೆ ಬರುತ್ತದೆ ಎಂಬ ನಂಬಿಕೆ. ಘಾಟು ಬಂತು. ಎಲ್ಲರೂ ಕೆಮ್ಮಿದೆವು. ದೃಷ್ಟಿ ಇರಲಿಲ್ಲ ಎಂದು ಅವ್ವ ಕೆಮ್ಮುತ್ತಲೇ ನಕ್ಕಳು.

ಆ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಪ್ಲಾಸ್ಟಿಕ್ ಕರಗುವ ವಾಸನೆ.

ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಕೆಂಡದ ಘಾಟೆಂದೇ ಕೆಮ್ಮುತ್ತಿದ್ದರು. ನನಗೆ ತಿಳಿಯಿತು, ಯಾಕೆಂದರೆ ವಾರಗಳಿಂದ ಆ ವಾಸನೆಗಾಗಿಯೇ ಹೆದರಿ ಕಾಯುತ್ತಿದ್ದವನು ನಾನೊಬ್ಬನೇ. ಎದ್ದು ಓಡಿ ಸ್ವಿಚ್ ಆರಿಸಬೇಕಿತ್ತು. ಆದರೆ ಓಡಿದರೆ ಎಲ್ಲರೂ ಹಿಂದೆ ಬರುತ್ತಾರೆ, ಅಪ್ಪ ಬಿಚ್ಚಿ ನೋಡು ಅನ್ನುತ್ತಾನೆ, ಅಕ್ಕನನ್ನು ಕರೆಸುತ್ತಾರೆ, ಅವಳು ತಗಡು ಸರಿಸುತ್ತಾಳೆ... ಕೂತೆ. ತಾನಾಗಿಯೇ ತಣ್ಣಗಾಗಲಿ ಎಂದು ಕೂತೆ. ಅಜ್ಜಿ ಆ ಕೋಣೆಯಲ್ಲಿ ಮಲಗಿದ್ದಾಳೆ ಎಂಬುದು ನನಗೆ ಮರೆತಿರಲಿಲ್ಲ. ಮರೆತಿತ್ತು ಎಂದು ಬರೆಯಲು ಬಹಳ ಮನಸ್ಸಾಗುತ್ತದೆ. ಮರೆತಿರಲಿಲ್ಲ.

ಫಟ್ ಎಂಬ ಸದ್ದು. ಮನೆಯ ಕರೆಂಟ್ ಹೋಯಿತು. ಮಂಚದ ಬಳಿ ಮಾದರಿಗೆಂದು ಇಟ್ಟಿದ್ದ ಕಾಯಿಯ ಚೀಲಕ್ಕೆ ಕಿಡಿ ಹತ್ತಿತ್ತು. ಒಂದಿಡೀ ಚೀಲ ಮೆಣಸಿನಕಾಯಿ ಸುಡುವ ಹೊಗೆ ಹೇಗಿರುತ್ತದೆ ಎಂದು ಬ್ಯಾಡಗಿಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಲಾಗುವುದಿಲ್ಲ. ಕಣ್ಣು ತೆರೆಯುವಂತಿಲ್ಲ, ಉಸಿರು ಎಳೆಯುವಂತಿಲ್ಲ. ಅಪ್ಪ ಒದ್ದೆ ಕಂಬಳಿ ಹೊದ್ದು ಒಳಗೆ ನುಗ್ಗಿ ಅಜ್ಜಿಯನ್ನು ಎತ್ತಿ ತಂದ. ನಾನು ಬೀದಿಯಲ್ಲಿ ನಿಂತಿದ್ದೆ. ಅವಳ ಬಾಯಿ ತೆರೆದಿತ್ತು, ಆದರೆ ಕೆಮ್ಮು ಬರುತ್ತಿರಲಿಲ್ಲ. ಅದಕ್ಕಿಂತ ಹೆದರಿಕೆಯ ಏನನ್ನೂ ನಾನು ನೋಡಿಲ್ಲ.

ನೆರೆಯವರ ಗಾಡಿಯಲ್ಲಿ ಹಾವೇರಿ ದವಾಖಾನೆಗೆ ಒಯ್ದರು. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದರು. ಬದುಕಿದಳು. ಈಗಲೂ ಇದ್ದಾಳೆ, ಆದರೆ ನಾಲ್ಕು ಮಾತಾಡಿದರೆ ಉಬ್ಬಸ. ಜಾಣಮಾತು ಅರ್ಧಕ್ಕೇ ನಿಲ್ಲುತ್ತದೆ, ಉಳಿದರ್ಧವನ್ನು ಕೈಸನ್ನೆಯಲ್ಲಿ ಮುಗಿಸುತ್ತಾಳೆ.

ಬೆಳಿಗ್ಗೆ ಎಲ್ಲರೂ ದವಾಖಾನೆಯಲ್ಲಿದ್ದಾಗ ನಾನು ಮನೆಗೆ ಬಂದೆ. ಅಜ್ಜಿಯ ಸೀರೆ ತರಲು ಕಳಿಸಿದ್ದರು. ಸೀರೆ ಆಮೇಲೆ ತಗೊಂಡೆ. ಮೊದಲು ಸುಟ್ಟ ಪೆಟ್ಟಿಗೆಯಿಂದ ಆ ಡಬ್ಬಿಯನ್ನು ಕಿತ್ತು, ವೈರುಗಳ ಸಮೇತ ಗುಜರಿಯವನ ಗಾಡಿಗೆ ಹಾಕಿ ಬಂದೆ. ಅಂಜುಬುರುಕನ ಕೈ ಆಗ ಒಂಚೂರೂ ನಡುಗಲಿಲ್ಲ.

ಮರಳಿ ಹೋದಾಗ ದೊಡ್ಡಪ್ಪ ರಾಣೆಬೆನ್ನೂರಿನಿಂದ ಬಂದು ನಿಂತಿದ್ದ. ಅವನ ಪಕ್ಕದಲ್ಲಿ ಅಕ್ಕ ಇರಲಿಲ್ಲ; ಒಳಗೆ ಅಜ್ಜಿಯ ಕಾಲು ಒತ್ತುತ್ತಿದ್ದಳು. ದೊಡ್ಡಪ್ಪ ಮೆಲ್ಲಗೆ ಕೇಳಿದ: “ಕರೆಂಟಿನ ಡಬ್ಬಿ ಸುಟ್ಟೈತಿ ಅಂತಾರ. ಅದನ್ನ ಆರಿಸಿದ್ದು ಯಾರೋ?”

“ಅಕ್ಕಾನ. ನಾ ಏನೂ ಮುಟ್ಟಿಲ್ಲ ದೊಡ್ಡಪ್ಪ.”

ಅವನು ತಲೆ ಆಡಿಸಿ ಒಳಗೆ ಹೋದ.

ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಬಂದು ಸುಟ್ಟ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಫ್ಯಾನುಗಳನ್ನು ಹಾಕಿದ್ದು ನಾನೇ ಎಂದು ಒಪ್ಪಿಕೊಂಡೆ. ಸಣ್ಣ ತಪ್ಪನ್ನು ಮುಂದಿಟ್ಟರೆ ದೊಡ್ಡದು ಕಾಣುವುದಿಲ್ಲ. ಡಬ್ಬಿ ಎಲ್ಲಿ ಎಂದು ಕೇಳಿದಳು. ಬೆಂಕಿ ಆರಿಸುವಾಗ ಯಾರೋ ಒಗೆದರು ಅಂದೆ. ಡಬ್ಬಿ ಇದ್ದ ಕರಿ ಹಿಡಿದ ಜಾಗದಲ್ಲಿ ಕೈಯಾಡಿಸಿ, ಬೆರಳಿನ ಮಸಿ ನೋಡುತ್ತ ಅಂದಳು: “ನಾ ಎಲ್ಲಿ ತಪ್ಪಿದ್ನೋ?”

ಆಗ ಹೇಳಬಹುದಿತ್ತು.

ಯುಗಾದಿ ಬಂತು, ಹೋಯಿತು. ಬಾಗಿಲ ಪಕ್ಕದ ಮೂಲೆಯಲ್ಲಿ ದೊಡ್ಡಪ್ಪ ಔಷಧ ಹೊಡೆಯುವ ಪಂಪುಗಳನ್ನು ಜೋಡಿಸಿಟ್ಟ. ಅದಾದರೂ ಹೋಗಲಿ. ಬೆಂಕಿಯ ಸುದ್ದಿ ಹಬ್ಬಿದ ಮೇಲೆ ಅವನು ಬೆಳಗಿನ ಬೋಣಿಯನ್ನು ಅಕ್ಕನ ಕೈಯಿಂದ ಮಾಡಿಸುವುದನ್ನೂ ಬಿಟ್ಟ. ಬೈಯಲಿಲ್ಲ, ಕಾರಣ ಹೇಳಲಿಲ್ಲ. ಮೊದಲ ಗಿರಾಕಿ ಬಂದರೆ ತಾನೇ ಎದ್ದು ಪೊಟ್ಟಣ ಕೊಡುತ್ತಿದ್ದ. ಅಕ್ಕ ಬಿಲ್ ಬರೆಯುತ್ತಿದ್ದಳು.

ಇನ್ನೂ ಒಂದಿದೆ. ಇದನ್ನು ಬರೆಯಲು ಎಲ್ಲಕ್ಕಿಂತ ಹೆಚ್ಚು ಅಂಜಿಕೆ. ಆ ಬೆಂಕಿಯನ್ನು ನಾನು ಕತೆ ಮಾಡಿದೆ. ಮರುವರ್ಷ ಒಂದು ಮದುವೆಯಲ್ಲಿ ಕೂರಿಸಿ ಹೇಳು ಅಂದಾಗ ಅದನ್ನೇ ಹೇಳಿದೆ — ಅವ್ವನ ಕೆಂಡ, ಕೆಮ್ಮು, ಕಂಬಳಿ ಹೊದ್ದ ಅಪ್ಪ, ಎಲ್ಲ ಅಭಿನಯಿಸಿ. ಕೊನೆಗೆ ಒಂದು ಸಾಲು ಬೇಕಿತ್ತು. “ನಮ್ಮ ಶೈಲಕ್ಕ ಕಂಪ್ಯೂಟರ್ ಮಾಡಂಗಿಲ್ರಿ, ಬೆಂಕಿಪೆಟ್ಟಿಗಿ ಮಾಡ್ತಾಳ.” ಚಪ್ಪರ ಹಾರಿತು. ಆ ಸಾಲು ನನಗಿಂತ ಮೊದಲು ರಾಣೆಬೆನ್ನೂರು ಮುಟ್ಟಿತು. ಬೀಜಕ್ಕೆ ಬಂದವರು ಅವಳನ್ನೇ ಕೇಳತೊಡಗಿದರು, ಬೆಂಕಿಪೆಟ್ಟಿಗಿ ಐತೇನವ್ವಾ ಎಂದು. ಅವಳೂ ನಗುತ್ತಿದ್ದಳಂತೆ. ನಾನು ಅದನ್ನು ಎಷ್ಟು ಮದುವೆಗಳಲ್ಲಿ ಹೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲ ಜನ ನಕ್ಕಾಗ ನನ್ನ ಅಂಜಿಕೆ ಒಂದು ಗೇಣು ಇಳಿಯುತ್ತಿತ್ತು — ಇಷ್ಟು ಜನ ನಕ್ಕದ್ದನ್ನು ಇನ್ನು ಯಾರು ಬಿಚ್ಚಿ ನೋಡುತ್ತಾರೆ?

ಈ ವರ್ಷ ನನ್ನ ಹಾವೇರಿಯ ಗೆಳೆಯನೊಬ್ಬ ತನ್ನ ಮೊದಲ ಕಂಪ್ಯೂಟರಿಗೆ ಭಾಗ ಆರಿಸಿಕೊಡುವವರು ಬೇಕು ಅಂದ. ಏನೋ ಒಂದು ಧೈರ್ಯ ಮಾಡಿ ಅವನನ್ನು ಅಕ್ಕನ ಬಳಿ ಕರೆದೊಯ್ದೆ. ಅವಳು ಅವನ ಮಾತನ್ನೆಲ್ಲ ಕೇಳಿಸಿಕೊಂಡಳು, ಹಿಂದಿನ ಹಾಗೆಯೇ ಕಣ್ಣು ಕಿರಿದು ಮಾಡಿ. ಒಂದು ಕ್ಷಣ ಅವಳ ಬಾಯಿಯವರೆಗೆ ಉತ್ತರ ಬಂದದ್ದು ನನಗೆ ಕಂಡಿತು. ಆಮೇಲೆ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಂಡು, ಇಲ್ಲಪ್ಪ, ಬೇರೆ ಯಾರನ್ನಾದರೂ ಕೇಳ್ರಿ ಅಂದಳು. ಗೆಳೆಯ ಆಚೆ ಹೋದಾಗ ನನಗೆ ಮಾತ್ರ ಕೇಳುವಂತೆ ಹೇಳಿದಳು: “ಆರಿಸಾಕ ಅಂಜಿಕಿ ಬರ್ತೈತೋ ತಮ್ಮಾ. ಎಷ್ಟೋ ಸಲ ಕುಂತು ವಿಚಾರ ಮಾಡೇನಿ. ತಪ್ಪು ಎಲ್ಲಿ ಆತು ಇನ್ನೂ ಸಿಕ್ಕಿಲ್ಲ.”

ಇಷ್ಟು ವರ್ಷ ನಾನು ನನ್ನ ಅಂಜಿಕೆಯೊಂದನ್ನೇ ಕಾಯುತ್ತ ಕೂತಿದ್ದೆ. ಅದರ ದೊಡ್ಡ ಪಾಲನ್ನು ಅವಳಿಗೆ ದಾಟಿಸಿಬಿಟ್ಟಿದ್ದೆ ಎಂದು ಆಗ ತಿಳಿಯಿತು.

ಗೆಳೆಯನನ್ನು ಬಸ್ಸು ಹತ್ತಿಸಿ ಮರಳಿ ಹೋದೆ. ಅಂಗಡಿಯ ಪಕ್ಕ ಆಟೋಗಳು ನಿಲ್ಲುವಲ್ಲಿ ಅವಳನ್ನು ಕರೆದು ಹೇಳಿದೆ. ಹಾವೇರಿ, ಹಗುರ ಡಬ್ಬಿ, ವಾಸನೆ, ಗುಜರಿ ಗಾಡಿ — ಎಲ್ಲ. ಹೇಳುವಾಗ ಅಭ್ಯಾಸಬಲದಿಂದ ಬಿಸ್ಕೀಟ್ ಡಬ್ಬಿಯ ಹೋಲಿಕೆಯೂ ಬಂತು, ಕೈ ತಾನಾಗಿ ಅಭಿನಯಿಸಿತು. ಅವಳು ನಗಲಿಲ್ಲ. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಚೆನ್ನಾಗಿತ್ತು.

“ಹಂಗಾದ್ರ ನಾ ಆರಿಸಿದ್ದು ಸುಟ್ಟಿಲ್ಲ?”

“ಇಲ್ಲಕ್ಕ.”

“ಅದು ಎಲ್ಲೈತಿ ಈಗ?”

ಗೊತ್ತಿಲ್ಲ ಅಂದೆ. ಹಾವೇರಿಯಲ್ಲಿ ಯಾರದೋ ಮನೆಯಲ್ಲಿ ಇರಬೇಕು. ಒಳ್ಳೆಯ ಡಬ್ಬಿ, ನಡೆಯುತ್ತಲೇ ಇರಬೇಕು.

ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು, ಯಾರೋ ಒಯ್ದಿದ್ದ ಪಾತ್ರೆಯನ್ನು ಮರಳಿ ಕೊಟ್ಟಾಗ ನೋಡುವ ಹಾಗೆ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಒಳಗೆ ಯಾರೋ ಬಿಲ್ಲಿಗೆ ಕೂಗಿದರು. ಹೋಗುವ ಮೊದಲು ಅಂದಳು: “ಅಪ್ಪಗ ನೀನ ಹೇಳು. ಮನ್ಯಾಗಲ್ಲ, ಅಂಗಡ್ಯಾಗ. ಬೋಣಿ ಹೊತ್ತಿಗೆ, ಮಂದಿ ಇದ್ದಾಗ.” ಎರಡು ಹೆಜ್ಜೆ ಹೋಗಿ ತಿರುಗಿದಳು. “ಮತ್ತ ನಗಸಬ್ಯಾಡ. ಬರೇ ಹೇಳು.”

ಹೂಂ ಅಂದು ಬಂದೆ. ಆಮೇಲೆ ಒಮ್ಮೆ ರೈಲು ತಪ್ಪಿತು, ಒಮ್ಮೆ ಹೊಟ್ಟೆ ನೋವು, ಒಮ್ಮೆ ಅಂಗಡಿಯ ಎದುರಿಗೇ ಹೋಗಿ, ಒಳಗಿನ ದೊಡ್ಡಪ್ಪನ ಬೆನ್ನು ನೋಡಿ ಮರಳಿ ಬಂದೆ. ಇನ್ನು ಓಡಿಹೋಗಲು ದಾರಿ ಇರಬಾರದೆಂದೇ ಇದನ್ನು ಬರೆದದ್ದು. ನಿನ್ನೆ ಅಜ್ಜಿಯ ಮಂಚದ ಬಳಿ ಕೂತು ಅವಳಿಗೂ, ಅಪ್ಪ ಅವ್ವನಿಗೂ ಹೇಳಿದೆ. ಅಪ್ಪ ಎದ್ದು ಹೊರಗೆ ಹೋದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಏನೋ ಹೇಳಲು ಹೋದಳು, ಉಸಿರು ಸಾಲಲಿಲ್ಲ. ಈ ಸಲ ಕೈಸನ್ನೆಯಲ್ಲೂ ಮುಗಿಸಲಿಲ್ಲ.

ನಾಳೆ ಬೆಳಗಿನ ರೈಲಿಗೆ ಹೋಗುತ್ತೇನೆ. ಚೀಲದಲ್ಲಿ ಆ ಫ್ಯಾನುಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ. ಅಷ್ಟು ಬೆಂಕಿಯಲ್ಲೂ ಅದೊಂದು ಉಳಿಯಿತು, ವೈರು ಜೋಡಿಸಿದರೆ ಈಗಲೂ ಬಣ್ಣ ಬಣ್ಣ ತಿರುಗುತ್ತದೆ. ಇದರ ಆಸೆಗೆ ಅಕ್ಕನ ಡಬ್ಬಿ ಕೊಟ್ಟೆ ಎಂದು ದೊಡ್ಡಪ್ಪನ ಗಲ್ಲಾಪೆಟ್ಟಿಗೆಯ ಮೇಲೆ ಇಡುತ್ತೇನೆ. ಕಟ್ಟೆಯ ಮೇಲೆ ಕೂತ ರೈತರು ನನ್ನನ್ನು ನೋಡಿದ ಕೂಡಲೇ, ಬಂದ ನೋಡ್ರಿ ಬಸ್ಯಾ ಎಂದು ನಗಲು ತಯಾರಾಗುತ್ತಾರೆ.

ನಗಿಸುವುದಿಲ್ಲ ಅಕ್ಕಾ. ಬರೀ ಹೇಳುತ್ತೇನೆ.